ಸ್ಟೆಪ್ನಿ ಇಳಿಸಲು ಒಪ್ಪದ ಜೂರಾ ಅಕ್ಕ

ಬೆಳಗಿನ ಐದೂವರೆ. ಜೂನ್ ಬಂದರೂ ತೋ-ಅಶೂ ಘಟ್ಟದ ನೆತ್ತಿಯ ಹಿಮ ಕರಗಿಲ್ಲ. ಘಟ್ಟದ ಬುಡದ ಪಂಕ್ಚರ್ ಅಂಗಡಿಯಲ್ಲಿ ಜೂರಾಕಾನ್ ತೊಟ್ಟಿಗೆ ನೀರು ತುಂಬಿಸುತ್ತಿದ್ದಾರೆ. ತಲೆಗೆ ಹೂವಿನ ಚೌಕ, ಕಾಲಿಗೆ ಗಂಡಸರ ಬೂಟು, ವಯಸ್ಸು ಅರವತ್ತೊಂದು. ಈ ದಾರಿಯ ಡ್ರೈವರ್‌ಗಳಿಗೆಲ್ಲ ಅವರು ಜೂರಾ ಅಕ್ಕ.

ಮೊದಲು ಬಂದ ತೊಲ್ಕುನ್‌ಬೆಕ್ ಅವರ ಕಾರು ಪಂಕ್ಚರ್ ಆಗಿಲ್ಲ. ಆದರೆ ಅದರ ಹಿಂಭಾಗ ನೆಲ ಮುಟ್ಟುವಷ್ಟು ಕುಸಿದಿದೆ. ಕಾರಿನ ಮೇಲ್ಛಾವಣಿಯಲ್ಲಿ ಮರದ ತೊಟ್ಟಿಲು, ಒಳಗೆ ಕೌದಿಯ ಗಂಟುಗಳು, ಮುಂದಿನ ಸೀಟಿನಲ್ಲಿ ತಾಯಿ ಸಾಯ್ರಾ. ಘಟ್ಟದಾಚೆಯ ಊರಲ್ಲಿ ತೊಲ್ಕುನ್‌ಬೆಕ್ ಅವರ ಮಗಳ ಚೊಚ್ಚಲ ಕೂಸನ್ನು ಮಧ್ಯಾಹ್ನದೊಳಗೆ ಈ ತೊಟ್ಟಿಲಿಗೆ ಹಾಕಬೇಕು. ತೊಲ್ಕುನ್‌ಬೆಕ್ ಮನೆಯ ನಾಲ್ಕು ತಲೆಮಾರು ಮಲಗಿದ ತೊಟ್ಟಿಲು ಅದು.

"ಅಕ್ಕಾ, ಸ್ಟೆಪ್ನಿ ಇಲ್ಲೇ ಇಟ್ಟು ಹೋಗ್ತೀನಿ. ನಿನ್ನೆ ಸಣ್ಣ ಏರಿಗೇ ಎಂಜಿನ್ ಕುದ್ದುಹೋಯ್ತು. ಒಂದಿಷ್ಟು ಭಾರ ಕಮ್ಮಿಯಾಗ್ಲಿ."

"ಹೊಟ್ಟೆ ಇಳಿಸೋದು ಬಿಟ್ಟು ಸ್ಟೆಪ್ನಿ ಇಳಿಸ್ತಾನಂತೆ," ಎನ್ನುತ್ತಾರೆ ಕಿಟಕಿಯೊಳಗಿಂದ ಸಾಯ್ರಾ.

ಅಂಗಡಿಯ ಹಿಂಗೋಡೆಯಲ್ಲಿ ಸಾಲಾಗಿ ಮೊಳೆಗಳಿವೆ. ಡ್ರೈವರ್‌ಗಳು ಘಟ್ಟ ಹತ್ತುವ ಮೊದಲು ಇಳಿಸಿದ ಸ್ಟೆಪ್ನಿಗಳನ್ನು ಜೂರಾ ಅಲ್ಲಿ ನೇತುಹಾಕುತ್ತಿದ್ದರು. ಒಂದು ಕಾಲಕ್ಕೆ ನಲವತ್ತಿದ್ದವು. ಈಗ ಉಳಿದಿರುವುದು ಡ್ರೈವರ್‌ಗಳು ಇನ್ನೂ ಒಯ್ಯದ ಮೂರು. ಎಂಟು ವರ್ಷದ ಹಿಂದೆ ಜೂರಾ ಅವರ ಅಣ್ಣನ ಮಗ ಹಾಗೆಯೇ ಸ್ಟೆಪ್ನಿ ಇಳಿಸಿ ಹಗುರಾಗಿ ಘಟ್ಟ ಹತ್ತಿದ. ನೆತ್ತಿಯಲ್ಲಿ ಟೈರ್ ಸಿಡಿದು, ಹಿಮಗಾಳಿಯಲ್ಲಿ ಸಿಕ್ಕಿ, ಎರಡು ಕಾಲ್ಬೆರಳು ಕಳೆದುಕೊಂಡ.

"ಆ ಸ್ಟೆಪ್ನಿ ಬಿಚ್ಚಿದ್ದು ಈ ಕೈಗಳೇ," ಎನ್ನುತ್ತಾರೆ ಜೂರಾ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಸರ್ಕಾರಿ ಕೃಷಿ ಕ್ಷೇತ್ರದ ಟ್ರ್ಯಾಕ್ಟರ್ ಗ್ಯಾರೇಜು ಸೇರಿದ್ದರು. ಅದು ಮುಚ್ಚಿದಾಗ ಸಂಬಳದ ಬದಲು ಸಿಕ್ಕಿದ್ದು ಈ ತೊಟ್ಟಿ. ದಿನಕ್ಕೆ ಹತ್ತು ಹನ್ನೆರಡು ಟೈರು. ಚಳಿಗಾಲದಲ್ಲಿ ತೊಟ್ಟಿಯ ಮಂಜುಗಡ್ಡೆ ಒಡೆದು ಗಾಳಿಗುಳ್ಳೆ ಹುಡುಕಬೇಕು. ಬೆರಳ ಗಂಟುಗಳು ಊದಿಕೊಂಡಿವೆ.

ಈಗ ಅವರದ್ದೊಂದು ನಿಯಮ: ಯಾರೇ ಬರಲಿ, ಮೊದಲು ಡಿಕ್ಕಿ ಖಾಲಿ ಮಾಡಬೇಕು. ಉಣ್ಣೆ ತೂಗುವ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಬೇಕು.

"ಹೊತ್ತಾಗ್ತದೆ ಅಕ್ಕಾ!"

"ನೆತ್ತಿಯಲ್ಲಿ ಕೂತು ಟೈರ್ ಊದೋದಕ್ಕಿಂತ ಬೇಗ ಆಗ್ತದೆ. ಇಳಿಸು."

ಸ್ಟೆಪ್ನಿ ಹದಿನಾರು ಕಿಲೋ. ಕೌದಿಗಳ ಅಡಿಗೆ ಕೈ ಹಾಕಿದ ಜೂರಾ ಎರಡು ಮೂಟೆಗಳನ್ನು ಎಳೆಯುತ್ತಾರೆ. ಮರಳು. ಹಿಂದಿನ ಗಾಲಿಗಳು ಹಿಮದಲ್ಲಿ ಜಾರದಿರಲೆಂದು ನವೆಂಬರಿನಲ್ಲಿ ಇಟ್ಟದ್ದು. ಇಡುವುದು ಇಲ್ಲಿಯ ವಾಡಿಕೆ. ತೆಗೆಯಲು ಮರೆಯುವುದೂ ವಾಡಿಕೆಯೇ. ಮೂಟೆಗಳನ್ನಿಟ್ಟರೆ ತಕ್ಕಡಿಯ ಮುಳ್ಳು ಅರವತ್ತು ಕಿಲೋಗೆ ನಿಲ್ಲುತ್ತದೆ.

ತೊಲ್ಕುನ್‌ಬೆಕ್ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ.

"ಏಳು ತಿಂಗಳಿಂದ ನದೀತೀರಾನೇ ಹೊತ್ಕೊಂಡು ತಿರುಗ್ತಿದ್ದಾನಲ್ಲ ನನ್ನ ಮಗ!" ಸಾಯ್ರಾ ಅವರ ನಗು ರಸ್ತೆಯಾಚೆಗೂ ಕೇಳುತ್ತದೆ.

ಮರಳು ಅಂಗಡಿಯ ಮೂಲೆ ಸೇರುತ್ತದೆ. ಸ್ಟೆಪ್ನಿ ಗಾಳಿ ತುಂಬಿಸಿಕೊಂಡು ಡಿಕ್ಕಿಗೆ ಮರಳುತ್ತದೆ. ಹಿಂಭಾಗ ನಾಲ್ಕು ಬೆರಳು ಮೇಲೆದ್ದ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಜೂರಾ ನೋಡುತ್ತ ನಿಲ್ಲುತ್ತಾರೆ. ಆಮೇಲೆ ದಿನವಿಡೀ ಕೆಲಸದ ನಡುವೆ ಕಣ್ಣು ಘಟ್ಟದ ಕಡೆಗೇ.

ಸಂಜೆ ಆ ಕಡೆಯಿಂದ ಬಂದ ಲಾರಿಯೊಂದು ನಿಲ್ಲುತ್ತದೆ. ಡ್ರೈವರ್ ಹರಿದ ಟೈರೊಂದನ್ನೂ ಬಟ್ಟೆಯ ಗಂಟನ್ನೂ ಇಳಿಸುತ್ತಾನೆ. ಗಂಟಿನ ತುಂಬ ಎಣ್ಣೆಯಲ್ಲಿ ಕರಿದ ರೊಟ್ಟಿ ತುಣುಕುಗಳು.

"ತೊಲ್ಕುನ್‌ಬೆಕ್ ಕಳಿಸಿದ್ದು ಅಕ್ಕಾ. ನೆತ್ತಿ ಹತ್ರ ಟೈರ್ ಸಿಡೀತಂತೆ, ಸ್ಟೆಪ್ನಿ ಹಾಕ್ಕೊಂಡು ಹನ್ನೊಂದೂವರೆಗೆ ತಲುಪಿದ್ರಂತೆ. ತೊಟ್ಟಿಲಿಗೆ ಹಾಕಿದ್ದೇ ತಡ, ಕೂಸು ನಿದ್ದೆ ಹೋಯ್ತಂತೆ."

ಜೂರಾ ಒಂದು ತುಣುಕು ಬಾಯಿಗೆ ಹಾಕಿಕೊಂಡು ಹಿಂಗೋಡೆಯ ಸ್ಟೆಪ್ನಿಗಳತ್ತ ತಿರುಗುತ್ತಾರೆ.

"ಇನ್ನು ಮೂರೇ," ಎನ್ನುತ್ತಾರೆ. "ಅವನ್ನೂ ಅವ್ರವ್ರು ಒಯ್ದ್ರೆ ಆ ಗೋಡೆಗೆ ಅಮ್ಮ ನೇಯ್ದ ಜಮಖಾನ ಹಾಕ್ತೀನಿ. ಪೆಟ್ಟಿಗೆಯಲ್ಲೇ ಬಿದ್ದಿದೆ, ಪಾಪ."