ನಿಕೋಟಿನ್ ಇಲ್ಲದ ಸಾಲು

ಆ ಪ್ರಯೋಗಾಲಯಕ್ಕೆ ಅವಳು ಸೇರಿದ್ದು ಗಾಜಿನ ಸಾಮಾನು ತೊಳೆಯುವುದಕ್ಕೆ. ಹತ್ತೊಂಬತ್ತು ವರ್ಷ ಕಳೆಯುವಷ್ಟರಲ್ಲಿ ಶ್ವಾಸಕೋಶದ ಜೀವಕೋಶಗಳನ್ನು ಬೆಳೆಸುವ ಕೆಲಸವೆಲ್ಲ ಅವಳ ಕೈಗೇ ಬಂದಿತ್ತು. ದಿನ ಬಿಟ್ಟು ದಿನ ಅವುಗಳ ಗುಲಾಬಿ ಬಣ್ಣದ ದ್ರವ ಬದಲಿಸಬೇಕು, ಬೆಚ್ಚನೆಯ ಪೆಟ್ಟಿಗೆಯಲ್ಲಿಡಬೇಕು, ಬೂಷ್ಟು ಸುಳಿಯದಂತೆ ಕಾಯಬೇಕು. "ಹಸುಗೂಸು ಸಾಕಿದ ಹಾಗೆ ಕಣ್ರೀ. ಅಳಲ್ಲ ಅನ್ನೋದೊಂದೇ ಪುಣ್ಯ" ಎನ್ನುತ್ತಿದ್ದಳು. ಅಲ್ಲಿ ಎಲ್ಲರಿಗೂ ಅವಳು ಅಕ್ಕ.

ಹೊಸದಾಗಿ ಬಂದ ಡಾಕ್ಟರ್ ಮೇಡಂ ಇ-ಸಿಗರೇಟನ್ನು ಪರೀಕ್ಷೆಗೆ ಹಚ್ಚಿದರು. ಕೋಶಗಳಿದ್ದ ಒಂದು ಸಾಲು ಬಟ್ಟಲಿಗೆ ನಿಕೋಟಿನ್ ಇರುವ, ಪರಿಮಳವಿಲ್ಲದ ಆವಿ, ಇನ್ನೊಂದಕ್ಕೆ ನಿಕೋಟಿನ್ ಇಲ್ಲದ, ದಾಲ್ಚಿನ್ನಿ ಪರಿಮಳದ ಆವಿ, ಮೂರನೆಯದಕ್ಕೆ ಬರೀ ಗಾಳಿ. ನಾಲ್ಕನೇ ದಿನ ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಉಸಿರಿನ ಜೊತೆ ಬಂದ ಧೂಳನ್ನು ಹೊರಕ್ಕೆ ತಳ್ಳುವ, ಕೋಶಗಳ ಮೇಲಿನ ನವಿರಾದ ಕೂದಲುಗಳು ಗಾಳಿಯ ಸಾಲಿನಲ್ಲಿ ಪೈರಿನಂತೆ ಓಲಾಡುತ್ತಿದ್ದವು. ನಿಕೋಟಿನ್ ಸಾಲಿನಲ್ಲಿ ನಿಧಾನವಾಗಿದ್ದವು; ಪರಿಮಳದ ಸಾಲಿನಲ್ಲಿ ಹೆಚ್ಚುಕಡಿಮೆ ನಿಂತೇ ಹೋಗಿದ್ದವು.

"ಇದ್ರಲ್ಲಿ ನಿಕೋಟಿನ್ನೇ ಇಲ್ವಲ್ಲ ಅಕ್ಕಾ," ಎಂದರು ಮೇಡಂ. "ಕೋಶಗಳಿಗೆ ದ್ರವ ಹಾಕುವಾಗ ಎಲ್ಲೋ ಕೈ ತಪ್ಪಿರ್ಬೇಕು."

ಅಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಆದರೂ ದನಿ ಏರಿಸಲಿಲ್ಲ.

"ಮೂರೂ ಸಾಲಿಗೆ ಒಂದೇ ಸೀಸೆಯಿಂದ ಹಾಕಿದ್ದು ಮೇಡಂ. ನನ್ನ ಕೈ ತಪ್ಪಿದ್ರೆ ಗಾಳಿ ಸಾಲೂ ಕೆಡ್ಬೇಕಿತ್ತಲ್ಲ? ಮತ್ತೆ ಮಾಡೋಣ. ಈ ಸಲ ಯಾವುದಕ್ಕೆ ಏನು ಕೊಟ್ರಿ ಅಂತ ನನಗೆ ಹೇಳ್ಲೇಬೇಡಿ."

ಮೇಡಂ ಬಟ್ಟಲುಗಳಿಗೆ ಬರೀ ಅಂಕಿ ಹಚ್ಚಿ, ಯಾವ ಅಂಕಿಗೆ ಏನು ಎಂಬ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿದರು. ಮೂರು ಬಾರಿ ಪರೀಕ್ಷೆ ನಡೆಯಿತು. ಮೂರು ಬಾರಿಯೂ ಅಕ್ಕ ಇಣುಕಿ ನೋಡಿ, ಗಾಳಿಯ ಸಾಲು ಯಾವುದು, ಆವಿ ಕುಡಿದ ಸಾಲುಗಳು ಯಾವುವು ಎಂದು ಬೊಟ್ಟುಮಾಡಿದಳು. ಲಕೋಟೆ ಒಡೆದಾಗಲೆಲ್ಲ ಅವಳ ಮಾತೇ ನಿಜವಾಯಿತು. ಪರಿಮಳದ ರಾಸಾಯನಿಕವೇ ಕೋಶಗಳನ್ನು ಕಂಗೆಡಿಸಿತ್ತು.

"ಅವತ್ತು ನಿಮ್ಮ ಮೇಲೆ ತಪ್ಪು ಹೊರಿಸಿದೆ. ಮನಸಿಗೆ ಹಚ್ಕೋಬೇಡಿ ಅಕ್ಕಾ," ಎಂದ ಮೇಡಂ, ಫಲಿತಾಂಶ ತಿಳಿಸುವ ದೊಡ್ಡವರ ಸಭೆಗೆ ಅವಳನ್ನೇ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದರು.

ಹಿರಿಯ ಅಧಿಕಾರಿಯೊಬ್ಬರು ಕೇಳಿದರು: "ಹಾಗಾದ್ರೆ ಇದನ್ನ ಸೇದೋರ ಶ್ವಾಸಕೋಶ ಹಾಳಾಯ್ತು ಅಂತಲೇ?"

ಮೇಡಂ ಅಕ್ಕನತ್ತ ತಿರುಗಿದರು. ಅಕ್ಕ ಎದ್ದು ನಿಂತಳು.

"ಬಟ್ಟಲಲ್ಲಿ ಕಂಡಿದ್ದನ್ನಷ್ಟೇ ಹೇಳ್ತೀನಿ ಸರ್. ಮನುಷ್ಯರ ಎದೆಯೊಳಗೆ ಎಷ್ಟಾಗತ್ತೆ ಅನ್ನೋಕೆ ಇನ್ನೂ ಪರೀಕ್ಷೆ ಆಗ್ಬೇಕು. ಆದ್ರೆ ಬರೀ ಪರಿಮಳ, ಏನೂ ಆಗಲ್ಲ ಅಂತ ಯಾರಾದ್ರೂ ಅಂದ್ರೆ ನಾನಂತೂ ಒಪ್ಪಲ್ಲ."

ಅಧಿಕಾರಿ ತಲೆದೂಗಿ, ಅವಳ ಮಾತನ್ನು ಇದ್ದಂತೆಯೇ ಬರೆದುಕೊಂಡರು.

ಸಂಜೆ ಮನೆಯಲ್ಲಿ ದರ್ಜಿ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡ.

"ನೀನೇ ಎದ್ದು ನಿಂತ್ಯಾ? ಅಷ್ಟು ಜನರ ಮುಂದೆ?"

"ಮತ್ತೆ? ಸಾಕಿದವಳು ನಾನು. ಬೇರೆ ಯಾರು ಹೇಳ್ಬೇಕಿತ್ತು?" ಎಂದಳು ಅಕ್ಕ. ಅವನು ಕೇಳದಿದ್ದರೂ, ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿದಳು.