ಐದು ನಿಮಿಷ ತಡ

ಉತ್ತರ ಡಕೋಟದ ಆ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಕೋಚ್ ಹಾಲ್ವರ್ಸನ್ ಎಂದರೆ ಎಲ್ಲರಿಗೂ ನಡುಕ. ಒಬ್ಬ ತಡವಾಗಿ ಬಂದರೂ ತಂಡವೆಲ್ಲ ಮೈದಾನ ಸುತ್ತಬೇಕು. ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದ್ದ ತಂಡದ ಪುಟ್ಟ ಅಭಿಮಾನಿ, ಹನ್ನೊಂದು ವರ್ಷದ ಟೆಸ್ಸಾ, ಡಾಕ್ಟರು ಎಷ್ಟು ಹೇಳಿದರೂ ಎದ್ದು ನಡೆಯುವುದಿಲ್ಲವೆಂದು ಹಠ ಹಿಡಿದಾಗ, ಕೋಚ್ ಅವಳ ಹೆಸರನ್ನೂ ತಂಡದ ಹಾಜರಿಪಟ್ಟಿಗೆ ಸೇರಿಸಿಬಿಟ್ಟ.

"ನೀನು ನಡೀದಿದ್ರೆ ನಾವೆಲ್ಲ ಓಡ್ತೀವಿ, ಅಷ್ಟೇ."

ಅವಳು ಅಂದೂ ಏಳಲಿಲ್ಲ. ಮರುದಿನ ತಂಡದ ತೊಂಬತ್ತು ಧಡಿಯರು ಹಿಮದಲ್ಲಿ ಏದುಸಿರು ಬಿಡುತ್ತ ಓಡುವುದನ್ನು ಫೋನಿನಲ್ಲಿ ಕಂಡವಳು ಮತ್ತೆಂದೂ ನಡಿಗೆ ತಪ್ಪಿಸಲಿಲ್ಲ.

ಗುಣವಾಗಿ ಮನೆಗೆ ಹೊರಟ ದಿನ, ಹೂಗುಚ್ಛ ಹಿಡಿದು ಬಂದ ಕೋಚನ್ನು ಟೆಸ್ಸಾ ಬಾಗಿಲಲ್ಲೇ ತಡೆದಳು.

"ಐದು ನಿಮಿಷ ಲೇಟು, ಕೋಚ್. ಓಡಿ!"

ಅರವತ್ತೆರಡರ ಹಾಲ್ವರ್ಸನ್ ಹೂವನ್ನು ನರ್ಸಿನ ಕೈಗಿತ್ತು ಆಸ್ಪತ್ರೆಯ ಸುತ್ತ ಓಡತೊಡಗಿದ. ತಿರುಗಿ ನೋಡಿದರೆ ಹಿಂದೆಯೇ ಟೆಸ್ಸಾ.

"ನೀನ್ಯಾಕೆ ಓಡ್ತಿದೀಯೇ?"

"ನಾನೂ ತಂಡದವಳಲ್ವಾ!"