ಟೇಪ್ ಸುತ್ತದ ಜೋಡಣೆ

ಯಂತ್ರ ಕೆಟ್ಟರೆ ಕಾರಣ ಇರುತ್ತದೆ, ಕಾರಣ ಸಿಕ್ಕರೆ ದುರಸ್ತಿ ಇರುತ್ತದೆ. ಈ ನಂಬಿಕೆಯ ಮೇಲೆ ನಾನು ಇಪ್ಪತ್ತು ವರ್ಷ ವೈರ್‌ಲೆಸ್ ಕೆಲಸ ಮಾಡಿದೆ. ಶಾಪ, ಆಣೆ, ಸತ್ತವರ ಸಿಟ್ಟು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ಎದ್ದು ಹೋಗುವುದಿಲ್ಲ. ನಂಬುತ್ತೇನೆ ಎಂದೂ ಹೇಳುವುದಿಲ್ಲ. ತೆಲಂಗಾಣದ ಗಡಿಯ ಕೃಷ್ಣಾ ಮಂಡಲದ ಒಂದು ಹೊಳೆದಂಡೆಯಲ್ಲಿ ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ಮೊದಲು ನನ್ನ ತಪ್ಪನ್ನು ಹೇಳಬೇಕು.

ಆ ದಂಡೆಯ ಮೇಲೆ ನೀರಿನ ಮಟ್ಟ ನೋಡಿ ವೈರ್‌ಲೆಸ್ಸಿನಲ್ಲಿ ತಿಳಿಸುವ ಒಂದು ಸಣ್ಣ ಠಾಣೆ ಇತ್ತು. ಆಪರೇಟರ್ ಮಾಳಪ್ಪ, ಕುರುಬರವನು. ಬೀರಪ್ಪನ ಬಂಡಾರದ ಚೀಲ ತಲೆತಲಾಂತರದಿಂದ ಅವನ ಮನೆಯಲ್ಲೇ ಇತ್ತು. ದೇವರ ಅರಿಶಿನ ತುಂಬಿದ ಆ ಚೀಲ ಹೆಗಲಿಗೆ ಹಾಕಿಕೊಂಡವನು ಕುಲದವರ ಮುಂದೆ ನಡೆಯುತ್ತಾನೆ. ಒಂದು ಮಳೆಗಾಲದ ಆರಂಭದಲ್ಲಿ ನಾನು ಠಾಣೆಯ ಕಂಬ ಹತ್ತಿ ಆಂಟೆನಾದ ಕೇಬಲ್ ಬದಲಾಯಿಸಿದೆ. ಜೋಡಣೆಗೆ ರಬ್ಬರ್ ಟೇಪ್ ಸುತ್ತಬೇಕಿತ್ತು. ಟೇಪ್ ಕೆಳಗೆ ನನ್ನ ಕೈಚೀಲದಲ್ಲಿತ್ತು, ಮಕ್ತಲ್ ಬಸ್ಸಿನ ಹೊತ್ತಾಗಿತ್ತು. ಸುತ್ತದೆ ಇಳಿದೆ.

ಜೋಡಣೆಯೊಳಗೆ ನೀರು ಹೋಯಿತು. ಹೊಳೆ ಏರಿದ ದಿನ ಮಾಳಪ್ಪ ಕರೆದದ್ದು ಯಾರಿಗೂ ಕೇಳಲಿಲ್ಲ. ಕೆಳಗಿನ ನಡುಗಡ್ಡೆಯಲ್ಲಿದ್ದ ಅವನ ಕುಲದವರ ಕುರಿಹಿಂಡು ಕೊಚ್ಚಿಹೋಯಿತು. ಹಿಂಡಿನ ಜೊತೆ ಅವನ ಸೋದರಮಾವನೂ ಹೋದ. ಮರುದಿನ ಎಲ್ಲರಿಗಿಂತ ಮುಂಚೆ ಕಂಬ ಹತ್ತಿ ಜೋಡಣೆ ಒರೆಸಿ ಟೇಪ್ ಸುತ್ತಿದವನು ನಾನು. ಆಪರೇಟರ್ ಠಾಣೆಯಲ್ಲಿ ಇರಲಿಲ್ಲ ಎಂದು ವರದಿ ಬರೆದವನೂ ನಾನೇ.

ಕುಲದವರು ಸೇರಿದಾಗ ಮಾಳಪ್ಪ ಬಂಡಾರದ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದ.

“ನಾ ಸೆಟ್ಟಿನ ಮುಂದನ ಕುಂತಿದ್ನಿರೀ ಸಾಹೇಬ್ರ. ಇಲ್ಲ ಅನ್ನೋದಾದ್ರ ಬಂಡಾರ ಹಿಡಿದು ಹೇಳ್ರಿ.”

ಹಿಡಿದೆ. ಅವರಿಗೆ ಅದು ಆಣೆ, ನನಗೆ ಬರೀ ಅರಿಶಿನ. “ಇರಲಿಲ್ಲ” ಎಂದೆ. ಅವನು ನನ್ನ ಅಂಗೈಯನ್ನೇ ನೋಡಿದ.

“ನನ್ನ ಮಾತು ಹೊಳಿಯಾಗ ಹೋತು. ಇನ್ನ ನಿಮ್ಮ ಮಾತೂ ಪೂರಾ ಹೋಗಬಾರದು. ನಾ ಸತ್ರೂ ಬಿಡಾಂಗಿಲ್ರಿ” ಎಂದ. ಸಿಟ್ಟಿನ ದನಿಯಲ್ಲ, ನೀರಿನ ಮಟ್ಟ ಹೇಳುವ ದನಿ.

ಕೆಲಸ ಹೋಯಿತು. ಕುಲದವರು ಚೀಲವನ್ನು ಬೇರೆ ಮನೆಗೆ ಕೊಟ್ಟರು. ಮೈಲಾರದ ಜಾತ್ರೆಗೆ ಹೋಗುವಾಗ ಅವನನ್ನು ಎಲ್ಲರ ಹಿಂದೆ ನಡೆಸಿದರು. ಎರಡು ವರ್ಷದೊಳಗೆ ಅವನು ತೀರಿಕೊಂಡ.

ತೆಲಂಗಾಣ ಬಂದ ವರ್ಷ, ಕಚೇರಿಯ ಫಲಕಗಳಲ್ಲಿ ಹಳೆ ರಾಜ್ಯದ ಹೆಸರು ಅಳಿಸಿ ಹೊಸದು ಬರೆಯುತ್ತಿದ್ದಾಗ, ನನ್ನನ್ನು ಮತ್ತೆ ಅಲ್ಲಿಗೆ ಕಳಿಸಿದರು. ಈ ಸಲ ಹೊಸ ಬಗೆಯ ರೇಡಿಯೊ ಕೂಡಿಸಬೇಕಿತ್ತು. ಅಂಗೈಯಗಲದ ಒಂದು ಡಬ್ಬಿ. ಗಾಳಿಯಲ್ಲಿ ಬಂದ ಅಲೆಯನ್ನು ಅದು ಸೆಕೆಂಡಿಗೆ ಲಕ್ಷಗಟ್ಟಲೆ ಅಂಕಿಗಳಾಗಿ ಮಾಡಿ ಯುಎಸ್‌ಬಿ ಕೇಬಲ್ಲಿನ ಮೂಲಕ ಲ್ಯಾಪ್‌ಟಾಪಿಗೆ ಸುರಿಯುತ್ತದೆ. ಉಳಿದ ಕೆಲಸವೆಲ್ಲ ಸಾಫ್ಟ್‌ವೇರಿನದು. ಸುರಿದದ್ದನ್ನು ಲ್ಯಾಪ್‌ಟಾಪ್ ಹಿಡಿಯಲಾರದೆ ಹೋದರೆ ಅಷ್ಟು ಅಂಕಿ ಚೆಲ್ಲಿಹೋಗುತ್ತವೆ, ಪರದೆಯ ಮೇಲೆ ಇಂಗ್ಲಿಷಿನ ಒಂದು ಓ ಅಕ್ಷರ ಬೀಳುತ್ತದೆ. ಒಂದು ಓ ಎಂದರೆ ಮಾತಿನಲ್ಲಿ ಒಂದು ತೂತು.

ಬೆಳಿಗ್ಗೆ ಗದ್ವಾಲ್, ನಾರಾಯಣಪೇಟೆ, ಮಕ್ತಲ್ ಮೂರೂ ಠಾಣೆಗಳ ಮಾತು ಒಂದು ಓ ಇಲ್ಲದೆ ಬಂತು. ಆಮೇಲೆ ನಾನು ಠಾಣೆಯ ಹಳೆ ಕೈಸೆಟ್ಟಿನ ತಿರುಪನ್ನು ಪರೀಕ್ಷೆಯ ಚಾನೆಲ್ಲಿಗೆ ಇಟ್ಟುಕೊಂಡು, ಮೆಟ್ಟಿಲಿಳಿದು ಹೊಳೆಯ ಹತ್ತಿರ ನಿಂತು, ಒಂದರಿಂದ ಹತ್ತರವರೆಗೆ ಎಣಿಸಿ ಬಂದೆ. ಪರದೆಯ ಮೇಲೆ ಓಗಳ ಸಾಲು. ರೆಕಾರ್ಡಿಂಗ್ ಕೇಳಿದೆ. ‘ಒಂದು’ ಅರ್ಧಕ್ಕೇ ನಿಂತಿತ್ತು. ‘ಎರಡು’ ಇರಲೇ ಇಲ್ಲ.

ಕೇಬಲ್ ಬದಲಾಯಿಸಿದೆ. ಬೇರೆ ಪೋರ್ಟಿಗೆ ಚುಚ್ಚಿದೆ. ಅಂಕಿಗಳ ವೇಗವನ್ನು ಅರ್ಧಕ್ಕೆ, ಆಮೇಲೆ ಕಾಲು ಭಾಗಕ್ಕೆ ಇಳಿಸಿದೆ. ಕರೆಂಟು ಬಿಟ್ಟು ಬ್ಯಾಟರಿಯ ಮೇಲೆ ನಡೆಸಿದೆ. ಹತ್ತಿರದ ಸೆಟ್ಟಿನ ಜೋರಿಗೆ ಡಬ್ಬಿ ತತ್ತರಿಸುತ್ತಿರಬಹುದೆಂದು ಆಂಟೆನಾವನ್ನೇ ಕಳಚಿದೆ. ಪ್ರತಿ ಸಲವೂ ಇಳಿದು ಎಣಿಸಿ ಹತ್ತಿ ಬಂದೆ. ಪ್ರತಿ ಸಲವೂ ತೂತು.

ಅಷ್ಟರಲ್ಲಿ ಮಾಳಪ್ಪನ ಹೆಂಡತಿ ಸಿದ್ದಮ್ಮ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಅವಳ ಮನೆ ಠಾಣೆಯ ಬೆನ್ನಿಗೇ ಇತ್ತು. ಗಂಡನಿಗೆ ಜ್ವರ ಬಂದಾಗ ನೀರಳತೆಯ ಗೀಟು ಎಣಿಸಿ ಸೆಟ್ಟಿನಲ್ಲಿ ಮಟ್ಟ ಹೇಳುತ್ತಿದ್ದವಳು ಅವಳೇ.

“ಏನ್ರಿ ಸಾಹೇಬ್ರ, ಮುಂಜಾನಿಂದ ಮೆಟ್ಟಿಲ ಹತ್ತಿ ಇಳಿದು ಮಾಡಾಕ ಹತ್ತೀರಿ. ಹರಕಿ ಹೊತ್ತೀರೇನು?”

“ನನ್ನ ಮಾತು ತುಂಡಾಗ್ತಿದೆ, ಸಿದ್ದಮ್ಮ.”

“ಕೊಡ್ರಿ ಇಲ್ಲಿ” ಎಂದು ಸೆಟ್ಟು ತೆಗೆದುಕೊಂಡು, ನಾನು ನಿಂತ ಮೆಟ್ಟಿಲಿನ ಮೇಲೆಯೇ ನಿಂತು ಹತ್ತರವರೆಗೆ ಎಣಿಸಿದಳು. ನಾನು ಪರದೆಯ ಮುಂದೆ ಕುಳಿತಿದ್ದೆ. ಒಂದು ಓ ಬೀಳಲಿಲ್ಲ. ಅದೇ ಸೆಟ್ಟು, ಅದೇ ಮೆಟ್ಟಿಲು, ಅದೇ ಡಬ್ಬಿ. ಸೆಟ್ಟು ಇಸಿದುಕೊಂಡು ನಾನು ಎಣಿಸಿದೆ. ಓಗಳು. ಮತ್ತೆ ಅವಳು, ಮತ್ತೆ ನಾನು. ನಾಲ್ಕು ಸರದಿ ಆಯಿತು.

“ಡಬ್ಬಿ ಚಲೋನ ಐತ್ರಿ” ಎಂದಳು ಸಿದ್ದಮ್ಮ, ಸೆಟ್ಟನ್ನು ಕೊನೆಯ ಸಲ ನನ್ನ ಕೈಗಿಡುತ್ತ. “ಬಂಡಾರ ಹಿಡಿದು ಹೇಳಿದ್ದೊಂದು ಮಾತು ಐತಲ್ಲ, ಅದನ್ನ ಈಗ ಖರೇ ಹೇಳಿ ನೋಡ್ರಿ. ಪೂರಾ ಹೋಗತೈತೇನೊ.”

ಪರೀಕ್ಷೆಯ ಚಾನೆಲ್ಲು, ಯಾರೂ ಕೇಳುವುದಿಲ್ಲ ಎಂದುಕೊಂಡೆ. ಮೆಟ್ಟಿಲಿಳಿದು ಗುಂಡಿ ಒತ್ತಿದೆ. “ಜೋಡಣೆಗೆ ನಾನು ಟೇಪ್ ಸುತ್ತಿರಲಿಲ್ಲ. ಮಾಳಪ್ಪ ಸೆಟ್ಟಿನ ಮುಂದೆಯೇ ಇದ್ದ. ನಾನು ಸುಳ್ಳು ಹೇಳಿದೆ.”

ಗುಂಡಿ ಬಿಟ್ಟೊಡನೆ ಸೆಟ್ಟು ತಾನೇ ಮಾತಾಡಿತು.

“ಮಕ್ತಲ್ ಕೇಳೇತ್ರಿ. ಎಲ್ಲಾ ಪೂರಾ ಬಂದೈತಿ. ಗದ್ವಾಲಿನವ್ರೂ ಕೇಳ್ಯಾರ.”

ಮಧ್ಯಾಹ್ನ ಮೂರು ಗಂಟೆ. ಎಲ್ಲ ಠಾಣೆಗಳೂ ಮಟ್ಟ ಕೇಳಲು ಕಿವಿಗೊಟ್ಟು ಕೂರುವ ಹೊತ್ತು. ಚಾನೆಲ್ಲಿನ ತಿರುಪು ಪರೀಕ್ಷೆಯ ಅಂಕಿಯಲ್ಲಿ ಇರಲಿಲ್ಲ, ಎಲ್ಲ ಠಾಣೆಗಳೂ ಕೇಳುವ ಅಂಕಿಯಲ್ಲಿತ್ತು. ನಾನು ಸಿದ್ದಮ್ಮನ ಕಡೆ ತಿರುಗಿದೆ.

“ಏನ್ ನೋಡ್ತೀರಿ? ನಂಗ ಓದಾಕ ಬರಾಂಗಿಲ್ರಿ” ಎಂದು ಸೆರಗು ಕೊಡವಿಕೊಂಡು ಎದ್ದಳು. “ನಾ ಕುಲದವರ ಕಡೆ ಹೋಗಬೇಕು, ಚೀಲ ತರಾಕ.”

ಚೀಲ ಆ ವಾರವೇ ಅವಳ ಮನೆಗೆ ಮರಳಿತು. ನನ್ನ ಕೆಲಸ ಹೋಯಿತು. ಅದರಲ್ಲಿ ಅನ್ಯಾಯವೇನೂ ಇಲ್ಲ. ತಿರುಪು ತಿರುಗಿಸಿದ್ದು ಅವಳೇ ಇರಬೇಕು. ಓದಲು ಬಾರದವರಿಗೂ ಗಂಡನ ಸೆಟ್ಟಿನ ತಿರುಪು ಎಷ್ಟು ಸಲ ‘ಕಟ್’ ಎಂದರೆ ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿರುತ್ತದೆ. ಅಷ್ಟು ನನಗೆ ಅರ್ಥವಾಗುತ್ತದೆ.

ಅರ್ಥವಾಗದ್ದು ಉಳಿದದ್ದು. ಡಬ್ಬಿ ಎಲ್ಲ ಚಾನೆಲ್ಲುಗಳನ್ನೂ ಒಟ್ಟಿಗೇ ಹಿಡಿಯುತ್ತಿತ್ತು, ಆ ದಿನದ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಆ ಮೂರು ವಾಕ್ಯಗಳಲ್ಲಿ ಒಂದು ಅಂಕಿಯೂ ಚೆಲ್ಲಿಲ್ಲ. ನಿಜ ಹೇಳಿದ ಮೇಲೆ ಎಲ್ಲ ಸರಿಹೋಗಿರಬೇಕೆಂದು, ಡಬ್ಬಿಯನ್ನು ಕಚೇರಿಗೆ ಒಪ್ಪಿಸುವ ಮೊದಲು ಇನ್ನೊಮ್ಮೆ ಮೆಟ್ಟಿಲಿಳಿದು ಹತ್ತರವರೆಗೆ ಎಣಿಸಿದೆ. ಹತ್ತಿ ಬಂದು ನೋಡಿದಾಗ ಪರದೆಯ ಉದ್ದಕ್ಕೂ ಓಗಳೇ ಇದ್ದವು.